ಮಕ್ಕಳ ಬಾಯಿಂದ ಅದನ್ನು ಹೇಳಿಸಬೇಡಿ

ಎಲ್ಲರಿಗೂ ನಮಸ್ಕಾರ. ಇವತ್ತು ಸ್ವಲ್ಪ ಖಾರವಾಗಿಯೇ ಮಾತಾಡ್ತೇನೆ, ಬೇಜಾರು ಮಾಡ್ಕೊಳ್ಬೇಡಿ.

ಗಂಡ ತೀರಿಹೋದ ಅಥವಾ ಬಿಟ್ಟುಹೋದ ಮನೆಯಲ್ಲಿ ಮಕ್ಕಳು ಕಷ್ಟ ನೋಡಿ ನೋಡಿ ಹಾಳಾಗ್ತಾರೆ ಅಂತ ನಮ್ಮ ಕಡೆ ಒಂದು ಮಾತುಂಟು. ಒಬ್ಬಳೇ ಇಬ್ಬರು ಮಕ್ಕಳನ್ನು ಸಾಕ್ತಿರುವ ನನಗೆ ಹಾಗೆ ಕಾಣುದಿಲ್ಲ. ಗಂಜಿಗೆ ಬರೀ ಉಪ್ಪಿನಕಾಯಿ ಇದ್ದ ದಿನವನ್ನು ಮಕ್ಕಳು ದಾಟ್ತಾರೆ. ಹಳೇ ಯೂನಿಫಾರ್ಮಿನ ಮಡಿಕೆ ಬಿಚ್ಚಿ ಉದ್ದ ಮಾಡಿಕೊಟ್ಟರೆ ಗೊಣಗ್ತಾ ಹಾಕ್ಕೊಳ್ತಾರೆ. ಅವರು ಕುಗ್ಗಿಹೋಗುದು ದೊಡ್ಡವರು ಮಾಡಬೇಕಾದ ಕೆಲಸ ಅವರ ತಲೆ ಮೇಲೆ ಬಿದ್ದಾಗ. ಕಚೇರಿಗಳಲ್ಲಿ ಮಲಯಾಳ ನಡೆಯುವ ಕೇರಳದ ನಮ್ಮ ಕಾಸರಗೋಡಿನಲ್ಲಿ ಅದು ಹೇಗೆ ಬೀಳ್ತದೆ ಅಂತ ಹೇಳ್ತೇನೆ.

ವಿಲೇಜ್ ಆಫೀಸಿನಲ್ಲಿ ಒಂದು ಸರ್ಟಿಫಿಕೇಟಿಗೆ ಕಾಯ್ತಾ ಕೂತಿದ್ದೆ. ನನ್ನ ಮುಂದೆ ಒಬ್ಬರು ತಾಯಿ, ಜೊತೆಗೆ ಮಗ, ಏಳನೇ ಕ್ಲಾಸಿನವನಿರಬಹುದು, ಬೆನ್ನಲ್ಲಿ ಶಾಲೆಯ ಬ್ಯಾಗು. ತಾಯಿಗೆ ತುಳು, ಕನ್ನಡ ಬರ್ತದೆ. ಮಲಯಾಳ ಕೇಳಿದರೆ ಅಲ್ಪಸ್ವಲ್ಪ ತಿಳೀತದೆ, ಉತ್ತರ ಕೊಡ್ಲಿಕ್ಕೆ ನಾಲಿಗೆ ಏಳುದಿಲ್ಲ. ಹುಡುಗನಿಗೆ ಮಲಯಾಳ ಸಲೀಸು. ಮೇಜಿನ ಆಚೆಯವರು ಕೇಳಿದ್ರು, "ಅಚ್ಛನ್ ಎವಿಡೆ?" ಅಪ್ಪ ಎಲ್ಲಿ ಅಂತ. ತೀರಿಕೊಂಡದ್ದಾ, ಬಿಟ್ಟು ಹೋದದ್ದಾ? ಎಷ್ಟು ವರ್ಷ ಆಯ್ತು? ಹಣ ಕಳಿಸ್ತಾರಾ? ಹುಡುಗ ಒಂದನ್ನೂ ತಾಯಿಗೆ ದಾಟಿಸಲಿಲ್ಲ. ನೆಲ ನೋಡ್ಕೊಂಡು ಎಲ್ಲದಕ್ಕೂ ತಾನೇ ಉತ್ತರ ಕೊಟ್ಟ. ಕೊನೆಗೆ ತಾಯಿ, "ಎಂತ ಕೇಳಿದ್ರು ಮಗಾ?" ಅಂದ್ರೆ, "ಎಂತದ್ದೂ ಇಲ್ಲಮ್ಮ, ಅಡ್ರೆಸ್ ಕೇಳಿದ್ರು" ಅಂದ.

ಕೇಳಿದವರು ಕೆಟ್ಟವರಲ್ಲ. ಫಾರ್ಮಿನಲ್ಲಿ ಆ ಕಾಲಂ ಉಂಟು, ಅವರು ತುಂಬಿಸಬೇಕು. ಆದರೆ ಹನ್ನೆರಡು ವರ್ಷದ ಹುಡುಗ ತನ್ನಪ್ಪ ಬಿಟ್ಟುಹೋದ ಕಥೆಯನ್ನು ಸಾಲಿನಲ್ಲಿ ನಿಂತವರೆದುರು ಹೇಳಿ, ಅದರ ಮೇಲೆ ಅಮ್ಮನಿಗೆ ನೋವಾಗಬಾರದು ಅಂತ ಒಂದು ಸುಳ್ಳನ್ನೂ ಹೊಸೆಯಬೇಕಾದ್ರೆ, ಅವನ ಆ ದಿನ ಎಂತ ಆಗಿರಬಹುದು?

ಇಷ್ಟಕ್ಕೂ ಅಗತ್ಯವೇ ಇಲ್ಲ ಮಾರಾಯ್ರೆ. 1969ರ ಕೇರಳ ಆಡಳಿತ ಭಾಷಾ ಕಾನೂನಿನ ಪ್ರಕಾರ, ಭಾಷಾ ಅಲ್ಪಸಂಖ್ಯಾತ ಪ್ರದೇಶ ಅಂತ ಘೋಷಿಸಿದ ಕಡೆ ಕನ್ನಡದವರು ಸರ್ಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ನಾವು ಈ ಹಕ್ಕಿನ ಬಗ್ಗೆ ಶಾಲೆ, ಅಧ್ಯಾಪಕರ ನೇಮಕ, ಬೋರ್ಡು ಅಂತ ಎಷ್ಟು ಸಭೆ ಮಾಡಿದ್ದೇವೆ! ಒಳ್ಳೇದೇ. ಒಬ್ಬಂಟಿ ತಾಯಿಯ ಅರ್ಜಿ ಕನ್ನಡದಲ್ಲಿ ಹೋಗ್ತದಾ ಅಂತ ಒಂದು ಸಭೆಯಲ್ಲೂ ಕೇಳಿದ್ದು ನನಗೆ ಗೊತ್ತಿಲ್ಲ.

ವಿಧವಾ ಪಿಂಚಣಿ ತಗೊಳ್ಳುವವರಿಗೆ ಇನ್ನೊಂದು ಉಂಟು. ಅರುವತ್ತು ದಾಟದವರು ವರ್ಷಕ್ಕೊಮ್ಮೆ "ಮರುಮದುವೆ ಆಗಿಲ್ಲ" ಅಂತ ಪ್ರಮಾಣಪತ್ರ ಕೊಡಬೇಕು. ಆ ನಿಯಮದ ಬಗ್ಗೆ ನನ್ನ ಸಿಟ್ಟು ಬೇರೆಯೇ, ಇನ್ನೊಂದು ದಿನ ಕಾರ್ತೇನೆ. ನಿಯಮ ಇರುವಷ್ಟು ದಿನ, "ಅಮ್ಮ ಮತ್ತೆ ಮದುವೆ ಆಗಿದ್ದಾರಾ" ಅನ್ನುವ ಪ್ರಶ್ನೆ ಮಗಳ ಕಿವಿಗೆ ಬೀಳದಿರಲಿ. ಅಷ್ಟನ್ನಾದರೂ ನಾವು ನೋಡ್ಕೊಳ್ಬಹುದು.

ಫೋನಿನದ್ದು ಇದಕ್ಕಿಂತ ಕಡೆ. "ಅಪ್ಪನಿಗೆ ಒಂದು ಕಾಲ್ ಮಾಡಿ ಫೀಸಿಗೆ ಕೇಳು, ನೀನು ಕೇಳಿದ್ರೆ ಕೊಟ್ಟಾರು." ಹತ್ತಿರದವರೇ ಹೀಗೆ ಹೇಳಿಕೊಡ್ತಾರೆ. ಕೊಡದಿದ್ದರೆ ಮಗುವಿಗೆ ಅರ್ಥವಾಗುದು ಒಂದೇ: ನನ್ನ ಬೆಲೆ ಇಷ್ಟೇ. ಜೀವನಾಂಶ ಕೇಳ್ಲಿಕ್ಕೆ ಕಾನೂನು ಉಂಟು. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಅಂತಿದ್ದೆವು, 2024ರ ಜುಲೈಯಿಂದ ಅದು ನಾಗರಿಕ ಸುರಕ್ಷಾ ಸಂಹಿತೆಯ 144. ಕೇಸು ಮುಗಿಯುವ ಮೊದಲೇ ಮಧ್ಯಂತರ ಹಣಕ್ಕೆ ಅರ್ಜಿ ಹಾಕಬಹುದು, ಆದಷ್ಟೂ ನೋಟಿಸು ತಲುಪಿದ 60 ದಿನದೊಳಗೆ ಅದನ್ನು ತೀರ್ಮಾನಿಸಬೇಕು ಅಂತ ಕಾನೂನೇ ಹೇಳ್ತದೆ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಿಡಿಯಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ವಕೀಲರಿಗೆ ದುಡ್ಡಿಲ್ಲವಾ? ಹೆಂಗಸರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ಕಾನೂನು ನೆರವು ಉಂಟು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ತಡ ಆಗ್ತದೆ, ಅಲೆದಾಟ ಉಂಟು, ಗೊತ್ತು. ಆದರೂ ಆ ಜಗಳ ನನ್ನದು, ನನ್ನ ಮಗಳದ್ದಲ್ಲ.

ಮತ್ತೆ ಬೊಜ್ಜದ (ಸತ್ತವರ ಉತ್ತರಕ್ರಿಯೆಯ) ಊಟಕ್ಕೆ ಬಂದವರು ಗಂಡುಮಗನ ತಲೆ ಸವರಿ ಹೇಳುವ ಮಾತು: "ಇನ್ನು ಮನೆಗೆ ನೀನೇ ಗಂಡಸು." ಅಯ್ಯಾ, ಅವನಿನ್ನೂ ರಾತ್ರಿ ಹಿತ್ತಿಲಿಗೆ ಒಬ್ಬನೇ ಹೋಗ್ಲಿಕ್ಕೆ ಹೆದರ್ತಾನೆ! ತಾಯಿಯ ಕಡೆಯಿಂದ ವಂಶ ಲೆಕ್ಕ ಹಿಡಿಯುವ ನಮ್ಮ ಅಳಿಯಕಟ್ಟಿನ ಮನೆಗಳಲ್ಲಿ ಮಕ್ಕಳು ತಾಯಿಯ ತರವಾಡಿನಲ್ಲೇ, ಅಂದರೆ ಮೂಲಮನೆಯಲ್ಲೇ, ಬೆಳೆಯುದು ಸಹಜ ಇತ್ತು, ಕಚೇರಿ ಕಾಗದದ ಓಡಾಟ ಸೋದರಮಾವನದ್ದು. ಆ ಯಜಮಾನರ ದರ್ಬಾರು ವಾಪಸು ಬರಲಿ ಅಂತ ನಾನು ಖಂಡಿತ ಹೇಳುದಿಲ್ಲ, ಹೆಂಗಸರು ಅದರಲ್ಲಿ ಪಟ್ಟ ಪಾಡು ಅಜ್ಜಿಯಂದಿರ ಬಾಯಲ್ಲಿ ಕೇಳಿದ್ದೇನೆ. 1976ರಲ್ಲಿ ಕೇರಳದಲ್ಲಿ ಕೂಡುಕುಟುಂಬದ ಕಾನೂನೇ ರದ್ದಾಯ್ತು. ಯಜಮಾನ ಹೋದ, ಅವನ ಓಡಾಟ ಯಾರಿಗೆ ಅಂತ ಯಾರೂ ಕೇಳಲಿಲ್ಲ. ಅದು ಈಗ ಏಳನೇ ಕ್ಲಾಸಿನವನ ಹೆಗಲಿಗೆ ಬಂದಿದೆ.

ಹಾಗಾದ್ರೆ ಮಕ್ಕಳಿಂದ ಎಲ್ಲ ಮುಚ್ಚಿಡುದಾ? ಇಲ್ಲ, ಮುಚ್ಚಿಟ್ಟರೆ ಅವರು ಇನ್ನೂ ದೊಡ್ಡ ಭೂತ ಕಟ್ಟಿಕೊಳ್ತಾರೆ. ಈ ವಾರ ಬೀಡಿ ಕಟ್ಟಿ ಕೊಟ್ಟದ್ದಕ್ಕೆ ಬ್ರಾಂಚಿನಿಂದ ಇಷ್ಟು ಬಂತು, ಅಕ್ಕಿಗೆ ಇಷ್ಟು, ಕರೆಂಟಿಗೆ ಇಷ್ಟು, ಟೂರಿಗೆ ಈ ಸಲ ಆಗುದಿಲ್ಲ ಅಂತ ಲೆಕ್ಕ ಹೇಳಿ. ಮಕ್ಕಳು ಲೆಕ್ಕವನ್ನು ತಡ್ಕೊಳ್ತಾರೆ. ನಡುರಾತ್ರಿ ಅವರ ಪಕ್ಕದಲ್ಲಿ ಕೂತು "ನಾನು ಸತ್ರೆ ನಿಮಗ್ಯಾರು" ಅನ್ನುದನ್ನು ತಡ್ಕೊಳ್ಳುದಿಲ್ಲ. ಅದನ್ನು ಅಕ್ಕನ ಹತ್ತಿರ, ಕುಟುಂಬಶ್ರೀ ಮಹಿಳಾ ಸಂಘದ ಗೆಳತಿ ಹತ್ತಿರ ಹೇಳಿ ಅತ್ತುಬಿಡಿ.

ಶಾಲೆಗೆ ನೀವೇ ಹೋಗಿ ಕ್ಲಾಸ್ ಟೀಚರಿಗೆ ವಿಷಯ ಹೇಳಿ. ಅಪ್ಪ ಅಥವಾ ಅಮ್ಮ ತೀರಿಕೊಂಡ ಬಡಮಕ್ಕಳಿಗೆ ಸ್ನೇಹಪೂರ್ವಂ ಅಂತ ಸಹಾಯಧನ ಉಂಟಲ್ಲ, ಅದರ ಅರ್ಜಿ ಶಾಲೆಯ ಮೂಲಕವೇ ಹೋಗುದು. ಬಿಟ್ಟುಹೋದವರ ಮಕ್ಕಳಿಗೆ ಅದು ಸಿಗುದಿಲ್ಲ. ಆದರೆ ಹೆಂಗಸೇ ಯಜಮಾನಿಯಾದ ಮನೆಯ ಮಕ್ಕಳ ಓದಿಗೆ ಮಹಿಳಾ ಮತ್ತು ಮಕ್ಕಳ ಇಲಾಖೆಯದ್ದು ಬೇರೆ ಉಂಟು, ಅಂಗನವಾಡಿಯಲ್ಲಿ ವಿಚಾರಿಸಿ. ಟೀಚರ್‌ಗಳಿಗೂ ಒಂದು ಕೈಮುಗಿದ ಮಾತು: ಕ್ಲಾಸಿನಲ್ಲಿ "ಅಪ್ಪ ಇಲ್ಲದವರು ಎದ್ದು ನಿಲ್ಲಿ" ಅಂತ ಪಟ್ಟಿ ಮಾಡ್ಬೇಡಿ. ಮಾಡಿದ್ದುಂಟು, ಅದಕ್ಕೇ ಹೇಳಿದ್ದು.

ಇನ್ನು ಉಳಿದವರು, ಮಲಯಾಳ ಓದಿ ಬರೆಯಲು ಬರುವ ಕನ್ನಡದವರು, ನಮ್ಮಲ್ಲಿ ಬೇಕಾದಷ್ಟು ಜನ ಇದ್ದೇವೆ. ಪಕ್ಕದ ಮನೆಯ ತಾಯಿಯ ಜೊತೆ ಸರ್ಕಾರಿ ಅರ್ಜಿ ಹಾಕುವ ಅಕ್ಷಯ ಕೇಂದ್ರಕ್ಕೋ ವಿಲೇಜ್ ಆಫೀಸಿಗೋ ನೀವು ಹೋಗಿ. ಅರ್ಧ ದಿನದ ಸಂಬಳ ಹೋದೀತು. ಆಧಾರ್, ರೇಶನ್ ಕಾರ್ಡು, ಪಾಸ್‌ಬುಕ್ಕು, ಎರಡೆರಡು ಜೆರಾಕ್ಸ್ ಹಿಡ್ಕೊಳ್ಳಿ, ಮತ್ತೆ ಊಟದ ಹೊತ್ತಿಗೆ ಮೊದಲೇ ತಲುಪಿ, ಇಲ್ಲದಿದ್ರೆ ಎರಡು ಗಂಟೆ ತನಕ ಕೂರ್ಬೇಕಾದೀತು.