ಕೊಲೆಗಾರ ಯಾರಾದರೇನು, ಆ ಜೋಡಿ ನೋಡಿ!

ಕೇಳುಗರಿಗೆ ನಮಸ್ಕಾರ.

ಇವತ್ತು ನಾನು ಮಾತಾಡಬೇಕೆಂದಿರುವುದು 1934ರ ಒಂದು ಕಪ್ಪು ಬಿಳುಪು ಹಾಲಿವುಡ್ ಚಿತ್ರದ ಬಗ್ಗೆ. ಹೆಸರು 'ದಿ ಥಿನ್ ಮ್ಯಾನ್', ಅಂದರೆ ಸಣಕಲ ಮನುಷ್ಯ. ಎಂಜಿಎಂ ಕಂಪನಿಯದು, ಒಂದೂವರೆ ಗಂಟೆಯ ಸಿನಿಮಾ. ಕೊಲೆ ಇದೆ. ಕಾಣೆಯಾದ ಒಬ್ಬ ಸಂಶೋಧಕ ಇದ್ದಾನೆ. ಅನುಮಾನ ಪಡಲು ಬೇಕಾದಷ್ಟು ಜನ ಇದ್ದಾರೆ. ಆದರೆ ನೋಡಿ ಎದ್ದ ಮೇಲೆ ಇದ್ಯಾವುದೂ ಜಾಸ್ತಿ ತಲೆಯಲ್ಲಿ ಉಳಿಯುವುದಿಲ್ಲ. ಉಳಿಯುವುದು ಒಬ್ಬ ಗಂಡ, ಒಬ್ಬಳು ಹೆಂಡತಿ, ಒಂದು ನಾಯಿ.

ಗಂಡ ನಿಕ್ ಚಾರ್ಲ್ಸ್. ಒಂದು ಕಾಲದ ಪತ್ತೇದಾರ. ಹೆಂಡತಿ ನೋರಾ ದೊಡ್ಡ ಆಸ್ತಿಯ ಒಡತಿ. ಮದುವೆಯಾದ ಮೇಲೆ ನಿಕ್ ಕೆಲಸ ಬಿಟ್ಟು ಹೆಂಡತಿಯ ಆಸ್ತಿ ನೋಡಿಕೊಂಡು ಹಾಯಾಗಿದ್ದಾನೆ. ಇಬ್ಬರೂ ಸ್ಯಾನ್ ಫ್ರಾನ್ಸಿಸ್ಕೋದಿಂದ ಕ್ರಿಸ್‌ಮಸ್ ಕಳೆಯಲು ನ್ಯೂಯಾರ್ಕಿಗೆ ಬಂದಿದ್ದಾರೆ. ಅಲ್ಲೊಂದು ಕೊಲೆಯಾಗುತ್ತದೆ. ನಿಕ್‌ಗೆ ಅದರ ಉಸಾಬರಿ ಬೇಡ. ನೋರಾಗೆ ಮಾತ್ರ ಗಂಡ ಪತ್ತೇದಾರಿಕೆ ಮಾಡುವುದನ್ನು ಕಣ್ಣಾರೆ ನೋಡುವ ಆಸೆ.

ನಮ್ಮ ಸಿನಿಮಾ ಇರಲಿ, ಅವರದಿರಲಿ, ತಾಳಿಯೋ ಉಂಗುರವೋ ಬಿದ್ದ ಕೂಡಲೇ ಸಾಮಾನ್ಯವಾಗಿ 'ಶುಭಂ', ಅಲ್ವಾ? ಇಲ್ಲಿ ಮದುವೆ ಆಗಲೇ ಮುಗಿದಿದೆ, ಮಜಾ ಶುರುವಾಗುವುದು ಆಮೇಲೆ. ಒಬ್ಬರನ್ನೊಬ್ಬರು ಕಾಲೆಳೆಯುತ್ತಾರೆ, ಮೂತಿ ತಿರುವುತ್ತಾರೆ. ಒಬ್ಬರ ಜೊತೆ ಒಬ್ಬರಿಗೆ ಬೇಜಾರೇ ಇಲ್ಲ.

ನಿಕ್ ನಮಗೆ ಮೊದಲು ಕಾಣಿಸುವುದು ಬಾರಿನಲ್ಲಿ. ಯಾವ ಪಾನೀಯವನ್ನು ಯಾವ ಕುಣಿತದ ಲಯಕ್ಕೆ ಕುಲುಕಬೇಕು ಎಂದು ಅಲ್ಲಿನ ಸಿಬ್ಬಂದಿಗೇ ಪಾಠ ಮಾಡುತ್ತಿದ್ದಾನೆ. ಮಾರ್ಟಿನಿಯನ್ನು ವಾಲ್ಟ್ಸ್ ಲಯಕ್ಕೇ ಕುಲುಕಬೇಕಂತೆ. ಅಷ್ಟರಲ್ಲಿ ನೋರಾ ಬರುತ್ತಾಳೆ. ಬರುತ್ತಾಳೆ ಎನ್ನುವುದಕ್ಕಿಂತ ನಾಯಿ ಎಳೆದುಕೊಂಡು ಬರುತ್ತದೆ. ಕೈತುಂಬ ಪೊಟ್ಟಣಗಳು, ಮೈಮೇಲೆ ಬೆಲೆಬಾಳುವ ಕೋಟು. ದಡಾರನೆ ನೆಲಕ್ಕೆ! ಇಷ್ಟು ಅಂದದ ನಾಯಕಿಯನ್ನು ಹೀಗೆ ಬೋರಲು ಬೀಳಿಸಿ ಪರಿಚಯ ಮಾಡಿಸುವ ಧೈರ್ಯ ನನಗೆ ಬಹಳ ಹಿಡಿಸಿತು. ಸಾವರಿಸಿಕೊಂಡು ಕೂತವಳು ಕೇಳುತ್ತಾಳೆ, ಎಷ್ಟಾಯಿತು ಅಂತ. ಇದು ಆರನೆಯದು ಅನ್ನುತ್ತಾನೆ ಗಂಡ. ಬೈಯುತ್ತಾಳೆ ಅಂದುಕೊಂಡಿರಾ? ನನಗೆ ಇನ್ನೂ ಐದು ತನ್ನಿ, ಇಲ್ಲೇ ಸಾಲಾಗಿ ಇಡಿ ಅನ್ನುತ್ತಾಳೆ. ಆಮೇಲೆ ತಲೆಗೆ ಮಂಜುಗಡ್ಡೆಯ ಚೀಲ ಒತ್ತಿಕೊಂಡು, ನನಗೆ ಹೊಡೆದದ್ದು ಏನು ಎಂದು ಕೇಳುತ್ತಾಳೆ. ಕೊನೇ ಮಾರ್ಟಿನಿ, ಎಂದು ಗಂಡನ ಉತ್ತರ.

ಇವರ ಕುಡಿತ ಅತಿಯಾಯಿತು ಎಂದು ಇವತ್ತು ನೋಡುವವರಿಗೆ ಅನಿಸೀತು, ನನಗೂ ಅನಿಸುತ್ತದೆ. ಆದರೆ ಕಾಲ ನೋಡಿ. 1920ರಿಂದ ಇದ್ದ ಪಾನನಿಷೇಧ ಅಮೆರಿಕದಲ್ಲಿ ತೆಗೆದದ್ದು 1933ರ ಡಿಸೆಂಬರಿನಲ್ಲಿ. ಈ ಚಿತ್ರ ಬಂದದ್ದು ಮರುವರ್ಷ ಮೇ ತಿಂಗಳಲ್ಲಿ. ಆರ್ಥಿಕ ಕುಸಿತದ ದಿನಗಳು ಬೇರೆ. ಜೇಬು ಖಾಲಿಯಿದ್ದ ಜನ ಹಣದ ಚಿಂತೆಯಿಲ್ಲದ ಈ ಜೋಡಿಯನ್ನು ನೋಡಿ ನಕ್ಕರು.

ನಿಕ್ ಆಗಿ ವಿಲಿಯಂ ಪವೆಲ್, ನೋರಾ ಆಗಿ ಮರ್ನಾ ಲಾಯ್. ಅದಕ್ಕೆ ಮುಂಚೆ ಮರ್ನಾ ಲಾಯ್‌ಗೆ ಜಾಸ್ತಿ ಸಿಗುತ್ತಿದ್ದದ್ದು ಪೂರ್ವದೇಶದ ಮಾಯಾಂಗನೆಯಂಥ ಪಾತ್ರಗಳೇ. ಇಲ್ಲಿ ಆಕೆ ಮೂಗು ಸೊಟ್ಟ ಮಾಡಿದರೆ ಸಾಕು, ಗಂಡನ ಉದ್ದದ ಮಾತಿಗೆ ಉತ್ತರ ಸಿಕ್ಕಂತೆ. ಒಟ್ಟು 14 ಚಿತ್ರಗಳಲ್ಲಿ ಈ ಇಬ್ಬರೂ ಜೊತೆಗೆ ನಟಿಸಿದರು. ಕಥೆ ಡ್ಯಾಶಿಯಲ್ ಹ್ಯಾಮೆಟ್ ಅವರ ಕಾದಂಬರಿಯದು. ಆತ ಸ್ವತಃ ಪಿಂಕರ್‌ಟನ್ ಸಂಸ್ಥೆಯಲ್ಲಿ ಪತ್ತೇದಾರನಾಗಿದ್ದವರು. ಚಿತ್ರಕಥೆ ಬರೆದದ್ದು ಮಾತ್ರ ನಿಜವಾದ ಗಂಡ ಹೆಂಡತಿ, ಆಲ್ಬರ್ಟ್ ಹ್ಯಾಕೆಟ್ ಮತ್ತು ಫ್ರಾನ್ಸಿಸ್ ಗುಡ್ರಿಚ್. ಮಾತುಗಳಿಗೆ ಮನೆಯ ಬಿಸಿ ಎಲ್ಲಿಂದ ಬಂತು ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕೇ?

ನಿರ್ದೇಶಕ ವ್ಯಾನ್ ಡೈಕ್. ಒಂದೇ ಟೇಕಿಗೆ ಸರಿ ಎಂದು ಮುಂದೆ ಹೋಗುವವರೆಂದು ಹೆಸರಾಗಿದ್ದವರು. ಇಡೀ ಚಿತ್ರವನ್ನು ಮೂರು ವಾರದೊಳಗೆ ಮುಗಿಸಿದರು. ಆ ಅವಸರ ಚಿತ್ರಕ್ಕೆ ಒಳ್ಳೆಯದನ್ನೇ ಮಾಡಿದೆ. ಯಾರೂ 'ನಟಿಸುತ್ತಿದ್ದೇವೆ' ಎಂಬಂತೆ ಕಾಣುವುದಿಲ್ಲ. ಕ್ರಿಸ್‌ಮಸ್ ಬೆಳಿಗ್ಗೆಯ ದೃಶ್ಯ ನೋಡಿ. ನೋರಾ ಮನೆಯೊಳಗೇ ಹೊಸ ತುಪ್ಪಳದ ಕೋಟು ತೊಟ್ಟು ಕೂತಿದ್ದಾಳೆ. ನಿಕ್ ಸೋಫಾದ ಮೇಲೆ ಬಿದ್ದುಕೊಂಡು, ಉಡುಗೊರೆ ಬಂದ ಆಟದ ಬಂದೂಕಿನಿಂದ ಕ್ರಿಸ್‌ಮಸ್ ಮರದ ಬಲೂನುಗಳಿಗೆ ಗುರಿಯಿಟ್ಟು ಸುಮ್ನೆ ಹೊಡೆಯುತ್ತಿದ್ದಾನೆ. ಕಥೆ ಒಂದಿಂಚೂ ಮುಂದೆ ಹೋಗುವುದಿಲ್ಲ. ಹೋಗದಿದ್ದರೂ ಪರವಾಗಿಲ್ಲ ಅನಿಸುತ್ತದೆ.

ನಾಯಿಯ ಹೆಸರು ಆಸ್ಟಾ, ನಿಜವಾದ ಹೆಸರು ಸ್ಕಿಪ್ಪಿ. ಪಿಸ್ತೂಲು ಕಂಡರೆ ಅಡಗುವ ಜಾತಿ. ಆದರೂ ನೆಲದಡಿ ಏನೋ ಇದೆ ಎಂದು ಮೂಸಿ ತೋರಿಸುವುದು ಅದೇ.

ಕೊನೆಗೆ ಊಟದ ದೃಶ್ಯ. ಅನುಮಾನವಿರುವ ಎಲ್ಲರನ್ನೂ ನಿಕ್ ಮನೆಗೆ ಊಟಕ್ಕೆ ಕರೆಸುತ್ತಾನೆ. ಬಡಿಸುವವರೆಲ್ಲ ವೇಷ ಹಾಕಿದ ಪೊಲೀಸರು. ಒಬ್ಬೊಬ್ಬರ ಬಣ್ಣ ಬಯಲಾಗುತ್ತಿರುವಾಗ ನೋರಾ ಗಂಡನ ಕಡೆ ಬಗ್ಗಿ, ನೀನು ಹೇಳುತ್ತಿರುವುದು ನಿಜವಾ ಎಂದು ಪಿಸುಗುಡುತ್ತಾಳೆ. ಗೊತ್ತಿಲ್ಲ ಅನ್ನುತ್ತಾನೆ. ಮತ್ತೆ ಯಾಕೆ ಹೇಳ್ತಿದೀಯ? ಹೀಗಂದರೆ ಮಾತ್ರ ಎಲ್ಲದಕ್ಕೂ ತಾಳೆಯಾಗುತ್ತದೆ! ಎಷ್ಟೋ ಪತ್ತೇದಾರರ ಗುಟ್ಟನ್ನು ಇವನೊಬ್ಬ ಬಾಯಿಬಿಟ್ಟು ಒಪ್ಪಿಕೊಂಡ ಹಾಗಾಯಿತು.

ಇನ್ನೊಂದು ತಮಾಷೆ. ಹೆಸರಿನಲ್ಲಿರುವ ಸಣಕಲ ನಿಕ್ ಅಲ್ಲ, ಕಾಣೆಯಾದ ಆ ಸಂಶೋಧಕ. ಜನ ನಿಕ್‌ನನ್ನೇ ಅಂದುಕೊಂಡರು. ಕಂಪನಿಯೂ ತಿದ್ದಲು ಹೋಗಲಿಲ್ಲ. 1947ರವರೆಗೆ ಇನ್ನೂ ಐದು ಚಿತ್ರ ತೆಗೆದು, ಐದಕ್ಕೂ ಅದೇ ಹೆಸರು ಅಂಟಿಸಿತು. ಎರಡನೆಯದು ಚೆನ್ನಾಗಿದೆ. ಆಮೇಲಿನವು ಬಿಡುವಿದ್ದರೆ ನೋಡಿ.

ಮೊದಲ ಸಲ ನೋಡುವಾಗ ಸುಳಿವು ಲೆಕ್ಕ ಹಾಕುತ್ತ ಕೂರಬೇಡಿ. ಮಾತು ಬಲು ಚುರುಕು, ಒಂದಕ್ಕೆ ನಗುತ್ತಿದ್ದರೆ ಇನ್ನೆರಡು ತಪ್ಪಿಹೋಗುತ್ತವೆ. ಕೊಲೆಗಾರ ಯಾರು ಅಂತೀರಾ? ಅದನ್ನು ನಾನಂತೂ ಹೇಳುವುದಿಲ್ಲ. ನಮಸ್ಕಾರ.