ಚೆಮ್ನಿಟ್ಸ್ ವ್ಲಾಗ್: ಹೆಸರಿಲ್ಲದ ಅಂಚೆಡಬ್ಬಿ, 55.08 ಯೂರೋ ಬಿಲ್

ನಮಸ್ಕಾರ ಎಲ್ಲರಿಗೂ. ಕತ್ತಲು ನೋಡಿ ರಾತ್ರಿ ಅಂದುಕೊಳ್ಳಬೇಡಿ, ಬೆಳಗ್ಗೆ ಏಳೂಮುಕ್ಕಾಲು. ಜನವರಿಯಲ್ಲಿ ಇಲ್ಲಿ ಸೂರ್ಯ ಬರುವುದು ಎಂಟರ ಸುಮಾರಿಗೆ, ಹೋಗುವುದು ನಾಲ್ಕೂವರೆಯ ಹೊತ್ತಿಗೆ. ಬಂದರೂ ಮೋಡದ ಹಿಂದೆಯೇ. ಹೊಸದಾಗಿ ನೋಡುವವರಿಗೆ ಹೇಳುತ್ತೇನೆ, ಇದು ಚೆಮ್ನಿಟ್ಸ್, ಜರ್ಮನಿಯ ಪೂರ್ವಕ್ಕಿರುವ ಸಾಕ್ಸನಿ ರಾಜ್ಯದ ಊರು. ನಾನು ಇಲ್ಲಿ ಮಾಸ್ಟರ್ಸ್ ಮಾಡುತ್ತಿದ್ದೇನೆ, ಮೊದಲ ಸೆಮಿಸ್ಟರ್. "ಒಂದು ದಿನ ಹೇಗಿರುತ್ತದೆ ತೋರಿಸಿ" ಅಂತ ತುಂಬಾ ಜನ ಕೇಳಿದ್ದಿರಿ. ಕಾಫಿ, ಜಾಕೆಟ್, ಶೂ, ಎಲ್ಲ ಓಡಿಸಿಬಿಟ್ಟಿದ್ದೇನೆ. ಅದರಲ್ಲಿ ನೋಡುವುದೇನೂ ಇಲ್ಲ.

ಕೆಳಗೆ ಬಂದೆವು. ಇಲ್ಲಿ ಸ್ವಲ್ಪ ನಿಲ್ಲೋಣ. ಈ ಬೂದು ಅಂಚೆಡಬ್ಬಿಗಳ ಸಾಲು ಇದೆಯಲ್ಲ, ಮೇಲಿನಿಂದ ಎರಡನೇ ಸಾಲು, ಎಡಗಡೆ ಕೊನೆಯದು, ಅದು ನನ್ನದು. ಹೆಸರಿನ ಹೊಸ ಫಲಕ, ಹೊಳೆಯುತ್ತಿದೆ. ಈ ಇಷ್ಟು ಉದ್ದದ ಪಟ್ಟಿಗಾಗಿ ಇಡೀ ಶರತ್ಕಾಲ ನಾನು ಪಟ್ಟ ಪಾಡು ಇದೆಯಲ್ಲ, ಇವತ್ತು ಅದನ್ನೇ ಹೇಳುತ್ತೇನೆ. ಬೇಜಾರಾದರೆ ಮುಂದೆ ಕಾರ್ಲ್ ಮಾರ್ಕ್ಸ್ ತಲೆಯ ದೊಡ್ಡ ಪ್ರತಿಮೆ ಬರುತ್ತದೆ, ಅಲ್ಲಿಗೆ ಹಾರಿ.

ಮೊದಲು ಇದು ತಿಳಿದಿರಲಿ. ಇಲ್ಲಿನ ಫ್ಲಾಟ್‌ಗಳಿಗೆ ಸಾಮಾನ್ಯವಾಗಿ ಬಾಗಿಲ ನಂಬರ್ ಇರುವುದಿಲ್ಲ. ವಿಳಾಸ ಅಂದರೆ ಬೀದಿ, ಕಟ್ಟಡದ ನಂಬರ್, ಪಿನ್‌ಕೋಡ್, ಅಷ್ಟೇ. ಕಟ್ಟಡದಲ್ಲಿ ಇಪ್ಪತ್ತು ಮನೆ ಇದ್ದರೂ ಅಷ್ಟೇ. ಪೋಸ್ಟ್‌ಮ್ಯಾನ್ ನೋಡುವುದು ಡಬ್ಬಿಯ ಮೇಲಿನ ಹೆಸರನ್ನು. ಹೆಸರು ಇಲ್ಲವಾ, ಕಾಗದ ವಾಪಸ್. ಅವರ ತಪ್ಪಿಲ್ಲ, ಅವರೇನು ಪ್ರತಿ ಮನೆ ಬೆಲ್ ಹೊಡೆದು ಕೇಳುತ್ತಾರಾ?

ಇನ್ನೊಂದು ವಿಷಯ. ಈ ದೇಶದಲ್ಲಿ ಮುಖ್ಯವಾದದ್ದೆಲ್ಲ ಕಾಗದದಲ್ಲೇ ಬರುತ್ತದೆ. ಬ್ಯಾಂಕ್ ಕಾರ್ಡ್ ಒಂದು ಲಕೋಟೆಯಲ್ಲಿ, ಅದರ ಪಿನ್ ಇನ್ನೊಂದು ದಿನ ಇನ್ನೊಂದು ಲಕೋಟೆಯಲ್ಲಿ. ಇನ್ಶೂರೆನ್ಸ್ ಕಾರ್ಡ್ ಪೋಸ್ಟ್‌ನಲ್ಲಿ. ತೆರಿಗೆ ನಂಬರ್ ಪೋಸ್ಟ್‌ನಲ್ಲಿ. ಹಾಗಾಗಿ ಡಬ್ಬಿಯ ಮೇಲೆ ಹೆಸರಿಲ್ಲದವರು ಈ ದೇಶಕ್ಕೆ ಬಂದೇ ಇಲ್ಲ ಅಂತ ಲೆಕ್ಕ.

ನಾನು ಬಂದ ದಿನವೇ ಹೆಸರು ಕೊಟ್ಟಿದ್ದೆ. ಕಟ್ಟಡ ನೋಡಿಕೊಳ್ಳುವ ಒಂದು ಕಂಪನಿ ಇದೆ, ಹೆಸರು ಬೇಡ. "ಫಲಕ ಎಲ್ಲ ಒಂದೇ ಥರ ಇರಬೇಕು, ನಾವೇ ಹಾಕುತ್ತೇವೆ" ಅಂದರು. ಸರಿ ಅಂದೆ. ಹಾಕಲಿಲ್ಲ. ಬಿಳಿ ಹಾಳೆಯಲ್ಲಿ ಹೆಸರು ಬರೆದು ನಾನೇ ಟೇಪ್ ಅಂಟಿಸಿದೆ. ಮೆಟ್ಟಿಲು ಒರೆಸಲು ಬರುವವರು ಕಿತ್ತು ಹಾಕಿದರು. ಮತ್ತೆ ಅಂಟಿಸಿದೆ. ಮತ್ತೆ ಕಿತ್ತರು. ಈಮೇಲ್ ಮಾಡಿದೆ. ಏನು ಉತ್ತರ ಬಂತು ಗೊತ್ತಾ? ಮನವಿಯನ್ನು ಸಹಿ ಹಾಕಿ ಪೋಸ್ಟ್‌ನಲ್ಲಿ ಕಳಿಸಿ ಅಂತ. 95 ಸೆಂಟ್ ಸ್ಟಾಂಪ್ ಹಚ್ಚಿ ಕಳಿಸಿದೆ. ಅವರು ಅದಕ್ಕೆ ಉತ್ತರ ಬರೆದರು. ಪೋಸ್ಟ್‌ನಲ್ಲೇ ಬರೆದರು. ಡಬ್ಬಿಯ ಮೇಲೆ ಹೆಸರಿಲ್ಲ ಅಂತ ಆ ಉತ್ತರವೂ ಅವರಿಗೇ ವಾಪಸ್ ಹೋಯಿತು! ಫೋನ್‌ನಲ್ಲಿ ಆ ಹೆಂಗಸು ಇದನ್ನು ನನಗೆ ಹೇಳುವಾಗ ದನಿಯಲ್ಲಿ ಒಂದು ಚೂರು ನಗು ಇಲ್ಲ. "ನಿಮ್ಮ ವಿಳಾಸ ಸರಿಯಿಲ್ಲ ಅನ್ನಿಸುತ್ತದೆ" ಅಂದರು. ಅಮ್ಮಾ ತಾಯಿ, ವಿಳಾಸ ನಿಮ್ಮದೇ ಕಟ್ಟಡದ್ದು.

ಟ್ರಾಮ್ ಬಂತು, ಹತ್ತೋಣ. ಇದಕ್ಕೆ ಟಿಕೆಟ್ ಬೇಡ, ಸೆಮಿಸ್ಟರ್ ಫೀಯಲ್ಲೇ ಸೇರಿದೆ.

ಫೀ ಅಂದಕೂಡಲೇ ನೆನಪಾಯಿತು. "ಜರ್ಮನಿಯಲ್ಲಿ ಓದು ಪುಕ್ಕಟೆ ಅಂತಲ್ಲ" ಅಂತ ಕೇಳುತ್ತಿರುತ್ತೀರಿ. ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಟ್ಯೂಷನ್ ಫೀ ಇಲ್ಲ, ನಿಜ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಯುರೋಪಿಯನ್ ಯೂನಿಯನ್ ಹೊರಗಿನವರಿಗೆ ಸೆಮಿಸ್ಟರ್‌ಗೆ 1500 ಯೂರೋ ಇದೆ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ ಕೂಡ 2024ರಿಂದ ಶುರು ಮಾಡಿದೆ. ಇನ್ನು ಬ್ಲಾಕ್ಡ್ ಅಕೌಂಟ್. ವೀಸಾಕ್ಕೆ ಮೊದಲೇ 11,904 ಯೂರೋ ಇಟ್ಟಿರಬೇಕು. ಅದು ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಬಿಡುಗಡೆ ಆಗುತ್ತದೆ. ನಮ್ಮದೇ ದುಡ್ಡು, ನಮಗೇ ಕಂತಿನಲ್ಲಿ. ಪುಕ್ಕಟೆ ಅಂತ ಸುಮ್ನೆ ಕನಸು ಕಾಣಬೇಡಿ. ಓದು ಪುಕ್ಕಟೆ, ಬದುಕು ಪುಕ್ಕಟೆ ಅಲ್ಲ.

ಕ್ಲಾಸ್‌ರೂಮ್. ಪ್ರೊಫೆಸರ್ ಮುಖ ತೋರಿಸುವ ಹಾಗಿಲ್ಲ, ಅದಕ್ಕೇ ಬೆಂಚು ತೋರಿಸುತ್ತಿದ್ದೇನೆ. ಈ ಟಕಟಕ ಶಬ್ದ ಕೇಳಿಸಿತಾ? ಕ್ಲಾಸ್ ಮುಗಿದಾಗ ಇಲ್ಲಿ ಚಪ್ಪಾಳೆ ತಟ್ಟುವುದಿಲ್ಲ, ಗೆಣ್ಣಿನಿಂದ ಬೆಂಚು ಕುಟ್ಟುತ್ತಾರೆ. ಮೊದಲ ದಿನ ನಾನು ಬಾಗಿಲ ಕಡೆ ತಿರುಗಿ ನೋಡಿದ್ದೆ. ಫೆಬ್ರವರಿಯಲ್ಲಿ ಪರೀಕ್ಷೆ. ಪರೀಕ್ಷೆಗೂ ಬೇರೆಯಾಗಿ ಹೆಸರು ನೋಂದಾಯಿಸಬೇಕು, ಕೋರ್ಸ್‌ಗೆ ಸೇರಿದ್ದರೆ ಸಾಲದು. 1.0 ಅಂದರೆ ಅತ್ಯುತ್ತಮ, 4.0 ಅಂದರೆ ಹೇಗೋ ಪಾಸ್, 5.0 ಡುಮ್ಕಿ. ಕಡ್ಡಾಯ ವಿಷಯದಲ್ಲಿ ಸಾಮಾನ್ಯವಾಗಿ ಮೂರು ಅವಕಾಶ. ಮೂರರಲ್ಲೂ ಹೋದರೆ ಆ ಕೋರ್ಸ್‌ನಿಂದಲೇ ಹೊರಗೆ. ಇದರ ಬಗ್ಗೆ ಜಾಸ್ತಿ ಮಾತಾಡಿದರೆ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ, ಬಿಡಿ.

ಮೆನ್ಸಾ, ಅಂದರೆ ಯೂನಿವರ್ಸಿಟಿ ಕ್ಯಾಂಟೀನ್ ಊಟ. ಆಲೂಗಡ್ಡೆ. ಮುಂದೆ ಹೋಗೋಣ.

ಹಾಂ, ಮಾರ್ಕ್ಸ್ ತಲೆ! ಏಳು ಮೀಟರ್ ಎತ್ತರದ ತಲೆ ಇದು, ಪೀಠ ಸೇರಿದರೆ ಹದಿಮೂರು ಮೀಟರ್ ದಾಟುತ್ತದೆ. ಸೋವಿಯತ್ ಶಿಲ್ಪಿ ಲೆವ್ ಕೆರ್ಬೆಲ್ ಮಾಡಿದ್ದು, 1971ರಲ್ಲಿ ನಿಲ್ಲಿಸಿದ್ದು. ಹಿಂದಿನ ಗೋಡೆಯ ಮೇಲೆ "ಜಗತ್ತಿನ ಕಾರ್ಮಿಕರೇ ಒಂದಾಗಿ" ಅಂತ ನಾಲ್ಕು ಭಾಷೆಯಲ್ಲಿ ಬರೆದಿದೆ. 1953ರಿಂದ 1990ರವರೆಗೆ ಈ ಊರಿನ ಹೆಸರೇ ಕಾರ್ಲ್-ಮಾರ್ಕ್ಸ್-ಸ್ಟಾಟ್. ಆಮೇಲೆ ಜನ ಮತ ಹಾಕಿ ಹಳೇ ಹೆಸರನ್ನೇ ವಾಪಸ್ ತಂದರು. ತಮಾಷೆ ಏನಂದರೆ, ಮಾರ್ಕ್ಸ್ ಈ ಊರಿಗೆ ಕಾಲಿಟ್ಟವನೇ ಅಲ್ಲ ಅನ್ನುತ್ತಾರೆ. ಬಾರದ ಮನುಷ್ಯನ ಹೆಸರನ್ನು ಇಡೀ ಊರಿಗೇ ಹಾಕಿದರು. ಬಾಡಿಗೆ ಕೊಟ್ಟು ಇಲ್ಲೇ ಇರುವ ನನಗೆ ಒಂದು ಡಬ್ಬಿಯ ಮೇಲೆ ಜಾಗ ಇರಲಿಲ್ಲ, ಅಲ್ವಾ?

ಎಲ್ಲಿದ್ದೆ? ತೆರಿಗೆ ನಂಬರ್. ಊರಿಗೆ ಬಂದು ಮನೆ ಸೇರಿದ ಎರಡು ವಾರದೊಳಗೆ ಟೌನ್ ಆಫೀಸ್‌ನಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆ ಕೊಟ್ಟವರ ಸಹಿ ಇರುವ ಪತ್ರವೂ ಬೇಕು. ಅದಾದ ಮೇಲೆ ಹನ್ನೊಂದು ಅಂಕಿಯ ಒಂದು ನಂಬರ್ ತಾನಾಗಿ ಪೋಸ್ಟ್‌ನಲ್ಲಿ ಬರುತ್ತದೆ. ಜೀವಮಾನ ಪೂರ್ತಿ ಅದೇ ನಂಬರ್. ನನಗೆ ಬರಲಿಲ್ಲ. ಅಂದರೆ ಬಂತು, ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಹೋಯಿತು.

ಅಷ್ಟರಲ್ಲಿ ನನಗೆ ಪಾರ್ಟ್‌ಟೈಮ್ ಕೆಲಸ ಸಿಕ್ಕಿತ್ತು. ವಿದ್ಯಾರ್ಥಿ ವೀಸಾದಲ್ಲಿ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಮೊದಲು 120 ಇತ್ತು, 2024ರ ಮಾರ್ಚ್‌ನಲ್ಲಿ ಏರಿಸಿದರು. 2026ರ ಜನವರಿಯಿಂದ ಕನಿಷ್ಠ ಸಂಬಳ ಗಂಟೆಗೆ 13.90 ಯೂರೋ. ನನ್ನ ಕೆಲಸ ಗೋಡೌನ್‌ನಲ್ಲಿ ಪಾರ್ಸೆಲ್ ವಿಂಗಡಿಸುವುದು. ನಗಬೇಡಿ. ಊರವರ ಪಾರ್ಸೆಲ್‌ಗೆಲ್ಲ ವಿಳಾಸ ನೋಡಿ ದಾರಿ ತೋರಿಸುವವಳು ನಾನು.

ತೆರಿಗೆ ನಂಬರ್ ಕೊಡದ ಕಾರಣ ಸಂಬಳ ಹಾಕುವವರು ನನ್ನನ್ನು ಆರನೇ ತೆರಿಗೆ ವರ್ಗಕ್ಕೆ ಸೇರಿಸಿಬಿಟ್ಟರು. ಒಂಟಿ ವಿದ್ಯಾರ್ಥಿ ಸಾಮಾನ್ಯವಾಗಿ ಒಂದನೇ ವರ್ಗ. ನನ್ನಷ್ಟು ಸಣ್ಣ ಸಂಬಳಕ್ಕೆ ಅದರಲ್ಲಿ ಆದಾಯ ತೆರಿಗೆಯೇ ಬರುವುದಿಲ್ಲ. ಆರನೇ ವರ್ಗದಲ್ಲಿ ಮೊದಲ ಯೂರೋದಿಂದಲೇ ಕತ್ತರಿ. ಕಳೆದುಹೋದ ನಂಬರ್ ಮತ್ತೆ ಬೇಕು ಅಂತ ಆನ್‌ಲೈನ್‌ನಲ್ಲಿ ಕೇಳಬಹುದು. ಕೇಳಿದೆ. ಆದರೆ ಮಾಹಿತಿ ಸುರಕ್ಷತೆಗಾಗಿ ಈಮೇಲ್‌ನಲ್ಲೂ ಹೇಳುವುದಿಲ್ಲ, ಫೋನ್‌ನಲ್ಲೂ ಹೇಳುವುದಿಲ್ಲ. ಪೋಸ್ಟ್‌ನಲ್ಲೇ ಕಳಿಸುತ್ತಾರೆ. ಯಾವ ಡಬ್ಬಿಗೆ? ಅದೇ ಡಬ್ಬಿಗೆ! ಆವತ್ತು ನಾನು ಹಾಸಿಗೆ ಮೇಲೆ ಮಲಗಿ ಸೀಲಿಂಗ್ ನೋಡಿಕೊಂಡು ನಕ್ಕೆ. ಅಳುವುದಕ್ಕೂ ಒಂದು ಅರ್ಜಿ ಇರಬಹುದು ಅನ್ನಿಸಿತು.

ಈಗ ಕೇಳಿ. ಇಷ್ಟೆಲ್ಲ ಕಾಗದ ವಾಪಸ್ ಹೋದ ಕಾಲದಲ್ಲಿ, ನನ್ನ ಟೇಪು ಹಾಳೆ ಡಬ್ಬಿಯ ಮೇಲೆ ಉಳಿದಿದ್ದ ಒಂದೇ ಒಂದು ದಿನ, ಒಂದು ಕಾಗದ ಸರಿಯಾಗಿ ಬಂದು ತಲುಪಿತು. ಯಾವುದು? ರೇಡಿಯೋ-ಟಿವಿ ಶುಲ್ಕ! ರುಂಡ್‌ಫುಂಕ್‌ಬೈಟ್ರಾಗ್. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ. ತಿಂಗಳಿಗೆ 18.36 ಯೂರೋ, ಮೂರು ತಿಂಗಳಿಗೆ 55.08. ವಿಳಾಸ ನೋಂದಾಯಿಸಿದ ಕೂಡಲೇ ಮಾಹಿತಿ ಅವರಿಗೆ ತಾನಾಗಿ ಹೋಗುತ್ತದೆ. ಮನೆಯಲ್ಲಿ ಟಿವಿ ಇಲ್ಲ, ರೇಡಿಯೋ ಇಲ್ಲ ಅಂದರೆ ಕೇಳುವುದಿಲ್ಲ. 2013ರಿಂದ ಲೆಕ್ಕ ಸಾಧನಕ್ಕಲ್ಲ, ಮನೆಗೆ. ಮನೆ ಇದೆಯಾ, ಕೊಡು. ತಡ ಮಾಡಿದರೆ ಕನಿಷ್ಠ 8 ಯೂರೋ ದಂಡ.

ನಾಲ್ಕು ಜನ ಸೇರಿ ಒಂದು ಫ್ಲಾಟ್‌ನಲ್ಲಿ ಇದ್ದರೆ ಒಬ್ಬರು ಕೊಟ್ಟರೆ ಸಾಕು, ಹಂಚಿಕೊಂಡರೆ ತಲೆಗೆ ನಾಲ್ಕೂವರೆ ಯೂರೋ ಚಿಲ್ಲರೆ. ನಾನು ಒಂಟಿ ರೂಮ್, ಪೂರ್ತಿ ನನ್ನ ತಲೆಗೆ. ಬಾಫೋಗ್ ಅನ್ನುವ ಸರ್ಕಾರಿ ವಿದ್ಯಾರ್ಥಿ ನೆರವು ಸಿಗುವವರು ವಿನಾಯಿತಿ ಕೇಳಬಹುದು. ನಮ್ಮಂಥ ವಿದ್ಯಾರ್ಥಿ ವೀಸಾದವರಿಗೆ ಆ ನೆರವು ಸಾಮಾನ್ಯವಾಗಿ ಸಿಗುವುದಿಲ್ಲ. ನೆರವೂ ಇಲ್ಲ, ವಿನಾಯಿತಿಯೂ ಇಲ್ಲ. ದುಡ್ಡು ಇಲ್ಲದವರಿಗೆ ರಿಯಾಯಿತಿ ಅಂತ ನಿಯಮ ಮಾಡಿ, ದುಡ್ಡು ಇಲ್ಲ ಅಂತ ಸಾಬೀತು ಮಾಡುವ ಕಾಗದವನ್ನೇ ನಮಗೆ ಕೊಡದಿದ್ದರೆ ಹೇಗೆ? ಇದು ನನಗೆ ಈಗಲೂ ಅನ್ಯಾಯ ಅನ್ನಿಸುತ್ತದೆ. ಕಾಮೆಂಟ್‌ನಲ್ಲಿ ಬಂದು "ದೇಶದ ಕಾನೂನು ಗೌರವಿಸಿ" ಅನ್ನಬೇಡಿ. ಗೌರವಿಸಿದ್ದೇನೆ, ಕಟ್ಟಿದ್ದೇನೆ. ಗೊಣಗುವುದಕ್ಕೂ ಬಿಡಿ.

ನಾನು ಜರ್ಮನ್ ಕಲಿಯುವುದು ಡಾಯ್ಚೆ ವೆಲ್ಲೆ ಅನ್ನುವ, ಹೊರದೇಶದವರಿಗಾಗಿ ಇರುವ ಜರ್ಮನ್ ಪ್ರಸಾರ ಸಂಸ್ಥೆಯ ಉಚಿತ ಪಾಠಗಳಿಂದ. ಅದಕ್ಕಾದರೂ ಈ ದುಡ್ಡು ಹೋಗುತ್ತದಾ ಅಂತ ನೋಡಿದರೆ, ಅದೂ ಇಲ್ಲ. ಅದು ಕೇಂದ್ರ ಸರ್ಕಾರದ ತೆರಿಗೆ ಹಣದಲ್ಲಿ ನಡೆಯುವುದು. ಕೊನೆಗೆ ಕಟ್ಟಿದ ದುಡ್ಡು ವಸೂಲಿ ಮಾಡಲೇಬೇಕು ಅಂತ ರಾತ್ರಿ ಎಂಟಕ್ಕೆ, ಈ ಶುಲ್ಕದಲ್ಲೇ ನಡೆಯುವ ಟಾಗೆಸ್‌ಶೌ ಅನ್ನುವ ವಾರ್ತೆಯನ್ನು ಆನ್‌ಲೈನ್‌ನಲ್ಲಿ ನೋಡಲು ಶುರು ಮಾಡಿದೆ. ಹದಿನೈದು ನಿಮಿಷ, ಕೂಗಾಟ ಇಲ್ಲ, ಒಂದೊಂದು ಪದ ಬಿಡಿಸಿ ಹೇಳುತ್ತಾರೆ. ಈಗ ಅರ್ಧದಷ್ಟು ಅರ್ಥವಾಗುತ್ತದೆ. ಚೆನ್ನಾಗಿದೆ ಅಂತ ಒಪ್ಪಿಕೊಳ್ಳುತ್ತೇನೆ. 18.36 ಕೊಡುವಷ್ಟು ಚೆನ್ನಾಗಿದೆಯಾ? ಇಲ್ಲ. ಹತ್ತು ಯೂರೋ ಕೊಡಬಹುದು.

ಫಲಕ ಹೇಗೆ ಬಂತು ಅಂತ ಹೇಳಲೇ ಇಲ್ಲ. ಯಾರೂ ಏನೂ ಹೇಳದೆ ಡಿಸೆಂಬರ್‌ನಲ್ಲಿ ಒಂದು ದಿನ ತಾನಾಗಿ ಬಂದಿತ್ತು. ಆಮೇಲೆ ತೆರಿಗೆ ನಂಬರೂ ಬಂತು. ಜಾಸ್ತಿ ಕತ್ತರಿಸಿದ ತೆರಿಗೆಗೆ ಈಗ ಟ್ಯಾಕ್ಸ್ ರಿಟರ್ನ್ ಹಾಕಬೇಕು. ಮತ್ತೆ ಹತ್ತಿರ ಹೋಗಿ ತೋರಿಸುತ್ತೇನೆ, ಫಲಕ ನೋಡಿ. ಅಕ್ಷರ ಕಾಣದ ಹಾಗೆ ಮಸುಕು ಮಾಡಿದ್ದೇನೆ. ಅಲ್ಲಿರುವುದು ನನ್ನ ಹೆಸರೇ ಅಲ್ಲ, ಅಪ್ಪನ ಹೆಸರು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರಿದೆ, ಇಲ್ಲಿಯವರಿಗೆ ಸರ್‌ನೇಮ್ ಒಂದೇ ಸಾಕು. ಆಫೀಸ್‌ಗಳಲ್ಲೂ "ಫ್ರಾವ್", ಅಂದರೆ ಶ್ರೀಮತಿ, ಅಂತ ಶುರು ಮಾಡಿ ಅಪ್ಪನ ಹೆಸರು ಕೂಗುತ್ತಾರೆ, ನಾನು ಎದ್ದು ನಿಲ್ಲುತ್ತೇನೆ. ಫೋಟೋ ಕಳಿಸಿದಾಗ ಅಪ್ಪ ಫೋನ್‌ನಲ್ಲಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಕೇಳಿದ್ದು, "ಟಿವಿ ಬಿಲ್ಲೂ ನನ್ನ ಹೆಸರಿಗೇ ಬರುತ್ತಾ?"

ಇದು ಮರುದಿನ, ಶನಿವಾರ. ನಾಳೆ ಭಾನುವಾರ, ಅಂಗಡಿ ಎಲ್ಲ ಮುಚ್ಚಿರುತ್ತವೆ. ಹಾಲು, ಈರುಳ್ಳಿ ಇವತ್ತೇ ತರಬೇಕು. ಮೊದಲೆಲ್ಲ ಭಾನುವಾರ ಅಂದರೆ ಸಿಟ್ಟು ಬರುತ್ತಿತ್ತು, ಈಗ ಇಷ್ಟ. ಇಡೀ ಊರಿಗೇ ರಜೆ, ಯಾರೂ ಏನೂ ಕೇಳುವುದಿಲ್ಲ. ಮುಖ್ಯವಾಗಿ, ಭಾನುವಾರ ಕಾಗದ ಬರುವುದಿಲ್ಲ.

ಬಾಟಲಿ ಹಾಕುವ ಯಂತ್ರ. ಕೊಳ್ಳುವಾಗ ಕಟ್ಟಿದ ಠೇವಣಿ ಇಲ್ಲಿ ಸಿಗುತ್ತದೆ. ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ವಾಪಸ್, ಬಿಯರ್ ಗಾಜಿನ ಬಾಟಲಿಗೆ 8 ಸೆಂಟ್. ಬಿಯರ್ ನಂದಲ್ಲ, ಪಕ್ಕದ ರೂಮಿನವನು ಬಿಟ್ಟು ಹೋದದ್ದು, ಅಮ್ಮ ಈ ವಿಡಿಯೋ ನೋಡುತ್ತಾಳೆ. ಜಜ್ಜಿ ಹೋದ ಬಾಟಲಿ ಹಾಕಬೇಡಿ, ಬಾರ್‌ಕೋಡ್ ಓದಲಾಗದಿದ್ದರೆ ಯಂತ್ರ ಉಗುಳುತ್ತದೆ. ನೋಡಿ, ಉಗುಳಿತು. ಮತ್ತೆ ಹಾಕೋಣ. ಮತ್ತೆ ಉಗುಳಿತು. ಹಿಂದೆ ನಿಂತಿರುವ ಅಜ್ಜಿ ಕ್ಯಾಮೆರಾ ನೋಡಿ ಕೈ ಅಡ್ಡ ಹಿಡಿದರು. ಇಲ್ಲಿ ಕೇಳದೆ ಮುಖ ತೆಗೆದರೆ ಜನರಿಗೆ ಸ್ವಲ್ಪವೂ ಆಗುವುದಿಲ್ಲ, ಅದು ಸರಿಯೂ ಹೌದು. ಬಂದ್ ಮಾಡುತ್ತೇನೆ ಅಜ್ಜಿ, ಬಂದ್ ಮಾಡಿದೆ.