ರಿಪೇರಿಗೆ ಬಂದ ಅಣ್ಣ

ಎಲ್ಲರಿಗೂ ನಮಸ್ಕಾರ್ರೀ.

ಹೋದ ಭಾನುವಾರ ಧಾರವಾಡದ ಇದೇ ಹಾಲ್‌ನಲ್ಲಿ 'ಆಫ್ಟರ್ ಯಾಂಗ್' ಸಿನಿಮಾ ನೋಡಿದಿರಿ. ಅನಿಸಿದ್ದನ್ನು ಚೀಟಿಯಲ್ಲಿ ಬರೆದು ಕೊಡಿ ಅಂದಿದ್ದೆ. ಅರ್ಧಕ್ಕಿಂತ ಜಾಸ್ತಿ ಚೀಟಿಗಳಲ್ಲಿ ಒಂದೇ ದೂರು: ಬಹಳ ನಿಧಾನ. ಒಬ್ಬರಂತೂ "ಫ್ಯಾನಿನ ಗಾಳಿಗೆ ಚಲೋ ನಿದ್ದೆ ಬಂತು" ಅಂತ ಬರೆದಿದ್ದಾರೆ. ಹೆಸರು ಹಾಕಿಲ್ಲ. ಗೊರಕೆ ಎಲ್ಲರಿಗೂ ಕೇಳಿಸಿತ್ತು ಬಿಡಿ.

ಅವತ್ತು ಬಾರದವರಿಗೆ ಕಥೆ ಹೇಳಿಬಿಡುತ್ತೇನೆ. ಕೊಗೊನಾಡ ನಿರ್ದೇಶಿಸಿದ ಚಿತ್ರ. ಮೊದಲು ತೋರಿಸಿದ್ದು 2021ರ ಕಾನ್ ಉತ್ಸವದಲ್ಲಿ. ಜೇಕ್ ಚಹಾ ಅಂಗಡಿ ಇಟ್ಟವನು. ಅವನೂ ಹೆಂಡತಿ ಕೈರಾಳೂ ಚೀನಾ ಮೂಲದ ಮೀಕಾಳನ್ನು ದತ್ತು ತಂದಿದ್ದಾರೆ. ಅವಳಿಗೆ ಚೀನಾದ ಭಾಷೆ, ರೀತಿ ಕಲಿಸಲಿ ಅಂತ ಚೀನೀ ಮುಖದ ಆಂಡ್ರಾಯ್ಡ್, ಅಂದರೆ ಮನುಷ್ಯರಂತೆಯೇ ಕಾಣುವ ರೋಬೋಟ್, ಯಾಂಗ್‌ನನ್ನು ಕೊಂಡಿದ್ದಾರೆ. ಅದೂ ಸೆಕೆಂಡ್ ಹ್ಯಾಂಡ್. ಮೀಕಾಗೆ ಅವನು ಅಣ್ಣನೇ. ಒಂದು ದಿನ ಯಾಂಗ್ ಕೆಟ್ಟು ನಿಲ್ಲುತ್ತಾನೆ.

"ಇದು ನಮ್ಮ ಮನೆ ಮಿಕ್ಸರ್ ಕಥೆ" ಅಂತ ಒಬ್ಬ ಅಕ್ಕನವರು ಬರೆದಿದ್ದಾರೆ. ನಗಬೇಡಿ, ನನಗೆ ಸಿಕ್ಕ ಒಳ್ಳೆಯ ಚೀಟಿಗಳಲ್ಲಿ ಅದೂ ಒಂದು. ಕೆಟ್ಟ ಸಾಮಾನು ಹಿಡಿದು ಹುಬ್ಬಳ್ಳಿಗೆ ಬಸ್ ಹತ್ತಿದವರಿಗೆ ಜೇಕ್‌ನ ಓಡಾಟ ಚೆನ್ನಾಗಿ ಗೊತ್ತು. ಇಲ್ಲಿ ಆಗಲ್ಲ, ಅಲ್ಲಿ ಕೇಳಿ. ಬಿಚ್ಚಿದರೆ ಗ್ಯಾರಂಟಿ ಹೋಗುತ್ತೆ. ಹೊಸದು ತಗೊಳ್ಳಿ. ಮನೆಯಲ್ಲಿ ಸಾವಾಗಿದೆ, ಅಪ್ಪ ಇನ್ನೂ ಅಂಗಡಿ ಅಂಗಡಿ ಅಲೆಯುತ್ತಿದ್ದಾನೆ. ಮಗಳಿಗೆ ಅದು ಮೊದಲೇ ಗೊತ್ತಾಗಿದೆ. ಚಿತ್ರ ನಿಧಾನ ಅನಿಸೋದು ಇವನು ತಡ ಮಾಡುವುದರಿಂದ.

ನಿಧಾನ ಅಂದ ಕೂಡಲೇ ನಮ್ಮ ಊರಿನ ಭಾಷಣಕಾರರು ಹಿಂದೂಸ್ತಾನಿ ಸಂಗೀತದ ನಿಧಾನ ಲಯದ ಹಾಡಿಕೆಗೆ, ವಿಲಂಬಿತ್ ಖಯಾಲ್‌ಗೆ ಹೋಗುತ್ತಾರೆ. ನಾನು ಹೋಗಲ್ಲ. ವಿಲಂಬಿತ್‌ನಲ್ಲಿ ತಬಲಾ ಇರುತ್ತೆ, ತಾಳದ ಮೊದಲ ಮಾತ್ರೆ, ಸಮ್, ಬಂದೇ ಬರುತ್ತೆ. ಈ ಸಿನಿಮಾದಲ್ಲಿ ಯಾವುದಕ್ಕೆ ಕಾಯಬೇಕು ಅನ್ನೋದೇ ಮೊದಲ ಸಲ ತಿಳಿಯಲ್ಲ. ಎಲ್ಲರೂ ಪಿಸುಮಾತಿನಲ್ಲೇ ಮಾತಾಡುತ್ತಾರೆ, ನನಗೂ ಬೇಸರ ಬಂತು. ಕೈರಾಳಿಗೆ ಇನ್ನಷ್ಟು ಜಾಗ ಕೊಡಬೇಕಿತ್ತು.

ಆದರೆ ಒಂದು ತಮಾಷೆ ನೋಡಿ. ಯಾಂಗ್‌ನ ಒಳಗೆ ನೆನಪಿನ ಸಂಗ್ರಹ ಸಿಗುತ್ತೆ. ದಿನಕ್ಕೆ ಕೆಲವೇ ಸೆಕೆಂಡ್ ಅವನು ಉಳಿಸಿಕೊಂಡಿದ್ದಾನೆ. ಎಲೆಗಳ ನಡುವೆ ಬಿಸಿಲು, ಮೀಕಾಳ ಮುಖ. 96 ನಿಮಿಷ ಉದ್ದವಾಯಿತು ಅಂದವರೇ ಚೀಟಿಯ ಕೆಳಗೆ ಈ ಚೂರುಗಳನ್ನು ನೆನೆದಿದ್ದಾರೆ!

ನನ್ನನ್ನು ಕಾಡಿದ ಚೀಟಿ ಬೇರೆ. ಕೆಲಗೇರಿ ಕಡೆ ಮಾವಿನ ತೋಟ ಇರುವ ಹಿರಿಯರದು. ಅವರು ಬರೆದಿದ್ದು ಸೇಬಿನ ತೋಟದ ದೃಶ್ಯದ ಬಗ್ಗೆ. ಇವರು ನಿನ್ನ ನಿಜವಾದ ಅಪ್ಪ ಅಮ್ಮ ಅಲ್ಲ ಅನ್ನೋ ಮಾತು ಶಾಲೆಯಲ್ಲಿ ಬಂದು ಮೀಕಾ ಸಪ್ಪಗಾಗಿದ್ದಾಳೆ. ಯಾಂಗ್ ಅವಳಿಗೆ ಕಸಿ ಕಟ್ಟಿದ ಟೊಂಗೆ ತೋರಿಸುತ್ತಾನೆ. ಬೇರೆ ಮರದಿಂದ ಬಂದಿದ್ದು, ಈಗ ಈ ಮರದ್ದೇ. ಎರಡು ಮರವೂ ಮುಖ್ಯ ಅನ್ನುತ್ತಾನೆ.

ಹಿರಿಯರ ತಕರಾರು ಹೀಗೆ: "ನಾವು ಜವಾರಿ ಮಾವಿನ ಸಸಿಗೆ ಆಪೂಸಿನ ಕಡ್ಡಿ ಕಟ್ಟುತ್ತೇವೆ. ಬೇರು ಯಾವುದೇ ಇರಲಿ, ಕಡ್ಡಿ ಆಪೂಸನ್ನೇ ಬಿಡುತ್ತೆ. ಅದಕ್ಕೆ ಯಾರೂ ಪಾಠ ಹೇಳಲ್ಲ. ಹುಡುಗಿಗೆ ಯಾಂಗ್ ಯಾಕೆ ಬೇಕಿತ್ತು?"

ಮಕ್ಕಳು ಮಾವಲ್ಲ, ಭಾಷೆ ರಕ್ತದಲ್ಲಿ ಬರಲ್ಲ ಅಂತ ಉತ್ತರ ಹೇಳಬಹುದು. ಅಷ್ಟಕ್ಕೆ ಮುಗಿಯಲ್ಲ. ಯಾಂಗ್‌ಗೂ ಚೀನಾ ಗೊತ್ತಿರೋದು ಬರೀ ಮಾಹಿತಿಯಾಗಿ. ಚಹಾದ ಬಗ್ಗೆ ಎಲ್ಲ ಬಲ್ಲ, ಆದರೆ ಒಂದು ಊರಿನ, ಒಂದು ಕಾಲದ ಚಹಾದ ನೆನಪು ತನಗಿಲ್ಲವಲ್ಲ ಅಂತ ಜೇಕ್‌ನ ಮುಂದೆ ಹೇಳಿಕೊಳ್ಳುತ್ತಾನೆ. ಹಾಗಾದರೆ ಅವನು ಕಲಿಸಿದ್ದು ಏನು?

ಮೂರು ದಿನ ಯೋಚಿಸಿ ನನಗೆ ಹೊಳೆದಿದ್ದು ಇಷ್ಟು. ಈ ಕಸಿಯಲ್ಲಿ ಯಾಂಗ್ ಬೇರೂ ಅಲ್ಲ, ಕಡ್ಡಿಯೂ ಅಲ್ಲ. ಸುತ್ತಿದ ಪ್ಲಾಸ್ಟಿಕ್ ಪಟ್ಟಿ. ಬೇಗ ಬಿಚ್ಚಿದರೆ ಕಸಿ ಕಳಚುತ್ತೆ. ಬಿಚ್ಚದೇ ಬಿಟ್ಟರೆ ಕಾಂಡವನ್ನೇ ಕೊರೆಯುತ್ತೆ. ಮಗಳನ್ನು ಪೂರ್ತಿ ಯಾಂಗ್‌ಗೇ ಬಿಟ್ಟಿದ್ದೇವೆ ಅನ್ನೋ ಅಳುಕು ಕೈರಾಳಿಗೆ ಮೊದಲಿನಿಂದಲೂ ಇದೆ. ಈ ಮನೆಯಲ್ಲಿ ಪಟ್ಟಿ ತಾನಾಗಿಯೇ ಬಿದ್ದುಹೋಯಿತು, ಯಾರೂ ಬಿಚ್ಚಲಿಲ್ಲ. ಕೊನೆಯಲ್ಲಿ ಅಪ್ಪ ಮಗಳು ಪಕ್ಕಪಕ್ಕ ಕೂತಿರುತ್ತಾರೆ, ಮೀಕಾ ಮೆಲ್ಲಗೆ ಹಾಡುತ್ತಾಳೆ. ಎರಡನೇ ಸಲ ನೋಡುವಾಗ ಆ ದೃಶ್ಯದಲ್ಲಿ ನಾನು ಅವರ ಮುಖ ನೋಡಲಿಲ್ಲ. ನಡುವೆ ಎಷ್ಟು ಜಾಗ ಉಳಿದಿದೆ ಅಂತ ನೋಡಿದೆ.

ನಿಮಗೆ ಏನು ಕಂಡಿತು, ಈಗ ನೀವು ಹೇಳಿ. ನಿದ್ದೆ ಮಾಡಿದವರಿಂದಲೇ ಶುರುವಾಗಲಿ.